ಮೊದಲು ಬೋರ್ಡ್ ನೋಡಿ, ಆಮೇಲೆ ಪರ್ಸ್ ತೆಗೀರಿ

ಹಳೇ ಗೇಮಿಂಗ್ ಪಿಸಿ ನಿಧಾನ ಆಗಿದೆ, ಅಪ್‌ಗ್ರೇಡ್ ಮಾಡ್ಲಾ ಇಲ್ಲಾ ಹೊಸದೇ ಕಟ್ಟಿಸ್ಲಾ ಅಂತ ಯಾರಾದರೂ ಕೇಳಿದರೆ ನಾನು ವಾಪಸ್ ಒಂದೇ ಪ್ರಶ್ನೆ ಕೇಳುತ್ತೇನೆ. ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, ಯಾವುದು? ಮುಕ್ಕಾಲು ಪಾಲು ಜನಕ್ಕೆ ಗೊತ್ತಿರುವುದಿಲ್ಲ. ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಎಷ್ಟು ಜಿಬಿ ರ‍್ಯಾಮ್ ಅಂತಲೂ ಗೊತ್ತು. ಬೋರ್ಡ್ ಮಾತ್ರ ಅಂಗಡಿಯವನು ಹಾಕಿಕೊಟ್ಟದ್ದು. ಆದರೆ ಹಳೇ ಪಿಸಿಗೆ ಇನ್ನೂ ಆಯಸ್ಸು ಇದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುವುದು ಅದೇ.

ನನ್ನ ಪಿಸಿ 2019ರದ್ದು. ಎಎಂಡಿ ಕಂಪನಿಯ ರೈಜನ್ 3 2200ಜಿ ಪ್ರೊಸೆಸರ್ (ಸಿಪಿಯು), ಬಿ450 ಬೋರ್ಡ್, 8 ಜಿಬಿ ರ‍್ಯಾಮ್‌ನ ಒಂದೇ ಸ್ಟಿಕ್, ಒಂದು ಟಿಬಿ ಹಾರ್ಡ್ ಡಿಸ್ಕ್. ಕಾರ್ಡ್ ಇರಲಿಲ್ಲ. 2200ಜಿ ಒಳಗೇ ವೇಗಾ 8 ಗ್ರಾಫಿಕ್ಸ್ ಇತ್ತಲ್ಲ, ಅದರಲ್ಲೇ ಸೆಟ್ಟಿಂಗ್ಸ್ ಇಳಿಸಿಕೊಂಡು ಜಿಟಿಎ 5 ಆಡುತ್ತಿದ್ದೆ. ಆಮೇಲೆ ಒಂದೊಂದಾಗಿ ಸೇರಿಕೊಂಡವು. ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಬಂತು, ಇನ್ನೊಂದು 8 ಜಿಬಿ ಸ್ಟಿಕ್ ಬಂತು, ಪರಿಚಯದವರ ಹತ್ತಿರ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಕಾರ್ಡ್ ಸಿಕ್ಕಿತು. ಹಾಗಾಗಿ ಇದು ಯಾವತ್ತೂ ಪೂರ್ತಿ ಹೊಸದೂ ಅಲ್ಲ, ಪೂರ್ತಿ ಹಳೆಯದೂ ಅಲ್ಲ. ಮನೆಯಲ್ಲಿ ಮಾತ್ರ "ಇನ್ನೂ ಎಷ್ಟು ಸುರೀತೀಯ ಅದಕ್ಕೆ" ಅನ್ನುವ ಮಾತು ಆಗಾಗ ಬರುತ್ತಿತ್ತು. ನ್ಯಾಯವಾದ ಪ್ರಶ್ನೆನೇ.

ದುಡ್ಡು ಖರ್ಚು ಮಾಡುವ ಮೊದಲು ಪುಕ್ಕಟೆ ಕೆಲಸಗಳನ್ನು ಮುಗಿಸಿಬಿಡಬೇಕು. ಸೈಡ್ ಪ್ಯಾನೆಲ್ ತೆಗೆದು ಧೂಳು ಹೊಡೆಯಿರಿ. ಪ್ರೊಸೆಸರಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಆರು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಥರ ಆಗಿರುತ್ತದೆ, ಬದಲಾಯಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿ ಸ್ಪೀಡ್ ಎಷ್ಟು ತೋರಿಸುತ್ತಿದೆ ನೋಡಿ. 3200 ಸ್ಪೀಡಿನ ಸ್ಟಿಕ್ ಹಾಕಿಸಿ, ಬಯಾಸ್‌ನಲ್ಲಿ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಆ ಸ್ಪೀಡ್ ಕೊಡುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡದೆ, ವರ್ಷಗಟ್ಟಲೆ 2133 ಅಥವಾ 2400ರಲ್ಲೇ ಓಡಿಸುತ್ತಿರುವವರನ್ನು ನಾನೇ ನೋಡಿದ್ದೇನೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಜ್ ಮಾನಿಟರ್ ತಂದು ವಿಂಡೋಸ್‌ನಲ್ಲಿ 60ಕ್ಕೇ ಬಿಟ್ಟಿರುವವರೂ ಇದ್ದಾರೆ. ಇನ್ನು ಎಚ್‌ಡಿಎಂಐ ಕೇಬಲ್ಲನ್ನು ಕಾರ್ಡ್‌ಗೆ ಚುಚ್ಚುವ ಬದಲು ಬೋರ್ಡ್‌ಗೆ ಚುಚ್ಚಿ, ಕಾರ್ಡ್ ವೇಸ್ಟ್ ಅಂತ ಬೈಯುವವರು. ನಗಬೇಡಿ, ತುಂಬಾ ಜನ ಇದ್ದಾರೆ.

ಇದೆಲ್ಲ ಆದ ಮೇಲೂ ಸಾಲುತ್ತಿಲ್ಲ ಅಂದರೆ ಅಳತೆ ಮಾಡಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಜೊತೆಗೇ ರಿವಾಟ್ಯೂನರ್ ಬರುತ್ತದೆ, ಆಟದ ಮೂಲೆಯಲ್ಲಿ ಅಂಕಿ ತೋರಿಸುತ್ತಿರುತ್ತದೆ. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್‌ನ ಚಿಪ್, 97–99 ಪರ್ಸೆಂಟ್ ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ, ಅದೇ ಮಿತಿ. ಜಿಪಿಯು 60ರಲ್ಲಿ ಆರಾಮಾಗಿ ಕೂತಿದ್ದು ಆಟ ಮಾತ್ರ ಜರ್ಕ್ ಹೊಡೆಯುತ್ತಿದೆ ಅಂದರೆ ಪ್ರೊಸೆಸರ್ ಮೇಲೆ ಅನುಮಾನ ಪಡಬೇಕು. ಇಲ್ಲಿ ಒಂದು ವಿಷಯ ನೆನಪಿರಲಿ. ಒಟ್ಟು ಸಿಪಿಯು 70 ಪರ್ಸೆಂಟ್ ಅಂತ ತೋರಿಸಿದರೂ ಅದರಲ್ಲಿ ಒಂದು ಕೋರ್ (ಲೆಕ್ಕ ಮಾಡುವ ಘಟಕ) 100 ಮುಟ್ಟಿರಬಹುದು, ಆಟ ನಿಲ್ಲುವುದು ಆ ಒಂದರಿಂದಲೇ. ಅನುಮಾನ ಬಂದರೆ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಲೆಕ್ಕ) ಏರಿದರೆ ಕಾರ್ಡ್ ಸಾಲುತ್ತಿರಲಿಲ್ಲ ಅಂತ ಅರ್ಥ, ಏರದೆ ಅಲ್ಲೇ ನಿಂತರೆ ಪ್ರೊಸೆಸರ್. ಇಷ್ಟೇ ಟೆಸ್ಟ್. ನೆಟ್‌ನಲ್ಲಿ ಯಾವ ಭಾಗ ತಡೆಯುತ್ತಿದೆ ಅಂತ ಹೇಳುವ ಬಾಟಲ್‌ನೆಕ್ ಕ್ಯಾಲ್ಕುಲೇಟರ್ ಅಂತ ಸಿಗುತ್ತವಲ್ಲ, ಎರಡು ಹೆಸರು ಹಾಕಿದರೆ 14.3 ಪರ್ಸೆಂಟ್ ಅಂತ ಒಂದು ಸಂಖ್ಯೆ ಕಕ್ಕುತ್ತವೆ, ಅವನ್ನು ನಂಬಬೇಡಿ. ನೀವು ಯಾವ ಆಟ ಆಡುತ್ತೀರಿ ಅಂತಲೇ ಕೇಳದ ಲೆಕ್ಕ ಅದು.

ನನ್ನ ಪಿಸಿಯಲ್ಲಿ ಉತ್ತರ ಎರಡೂ ಕಡೆ ಬಂತು. ಕೌಂಟರ್ ಸ್ಟ್ರೈಕ್ 2 (ಸಿಎಸ್ 2) ಆಟದಲ್ಲಿ ನಾಲ್ಕು ಸ್ಮೋಕ್ ಬಾಂಬ್ ಒಟ್ಟಿಗೆ ಬಿದ್ದು ಗುಂಡಿನ ಸುರಿಮಳೆ ಶುರುವಾದರೆ ಸಿಪಿಯು 100ಕ್ಕೆ ಹತ್ತಿ ಕೂರುತ್ತಿತ್ತು, ಕಾರ್ಡ್ ಅರ್ಧ ನಿದ್ದೆಯಲ್ಲಿ ಇರುತ್ತಿತ್ತು. 2200ಜಿಗೆ ಇರುವುದು ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು), ಎಲ್3 ಕ್ಯಾಷ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಬರೀ 4 ಎಂಬಿ. ಹಳೇ ಸಿಎಸ್‌ಗೋಗೆ ಅದು ಸಾಕಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಸಿಎಸ್ 2 ಬಂದ ಮೇಲೆ ಸಾಲಲಿಲ್ಲ. ಆದರೆ ಸೈಬರ್‌ಪಂಕ್ ಹಾಕಿದರೆ ಕಥೆ ಉಲ್ಟಾ. ಅಲ್ಲಿ 1050 ಟಿಐ ಏದುಸಿರು ಬಿಡುತ್ತಿತ್ತು, ಕಾರ್ಡ್‌ನ ಸ್ವಂತ ಮೆಮೊರಿ, ಅಂದರೆ 4 ಜಿಬಿ ವಿರ‍್ಯಾಮ್ ತುಂಬಿ ತುಳುಕುತ್ತಿತ್ತು.

ಹಾಗಾದರೆ ಎರಡೂ ಬದಲಾಯಿಸಬೇಕು. ಎರಡೂ ಬದಲಾಯಿಸುವುದಾದರೆ ಹೊಸದನ್ನೇ ಕಟ್ಟಬಹುದಲ್ಲ ಅನ್ನಿಸುತ್ತದೆ, ಅಂಗಡಿಯವರು ಹೇಳುವುದೂ ಅದನ್ನೇ. ನನ್ನ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಎಎಂ4, ಅದರ ಮುಂದಿನದು ಎಎಂ5. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಅಂಗಡಿಯಲ್ಲಿ "ಎಎಂ4 ಎಲ್ಲಾ ಮುಗೀತು ಸಾರ್, ಮಾಲ್ ಬರ್ತಾ ಇಲ್ಲ, ಎಎಂ5 ಕಾಂಬೋ ತಗೊಳ್ಳಿ" ಅಂದರು. ಅದೇ ಅಂಗಡಿಯ ಗಾಜಿನ ಶೆಲ್ಫ್‌ನಲ್ಲಿ ಎಎಂ4ಗೇ ಕೂರುವ ಪ್ರೊಸೆಸರ್ ರೈಜನ್ 5 5600ರ ಡಬ್ಬ ನನ್ನನ್ನೇ ನೋಡುತ್ತಿತ್ತು!

ಎಎಂ4 ಅನ್ನುವ ಸಾಕೆಟ್ಟಿನ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಬಜೆಟ್ ಪಿಸಿ ಇರುವವರಿಗೆ ಇದಕ್ಕಿಂತ ದೊಡ್ಡ ಅದೃಷ್ಟ ಬೇರೆ ಸಿಕ್ಕಿಲ್ಲ. ಮೊದಲ ರೈಜನ್ ಬಂದದ್ದು 2017ರ ಮಾರ್ಚ್‌ನಲ್ಲಿ. 2020ರ ತನಕ ಇದೇ ಸಾಕೆಟ್ ಅಂತ ಎಎಂಡಿ ಮಾತು ಕೊಟ್ಟಿತ್ತು. 2020ರ ಮೇನಲ್ಲಿ ಮುಂದಿನ ಝೆನ್ 3, ಅಂದರೆ ರೈಜನ್ 5000 ಸೀರೀಸ್ ಪ್ರೊಸೆಸರ್‌ಗಳು ಬಿ450, ಎಕ್ಸ್470 ಬೋರ್ಡ್‌ಗಳಲ್ಲಿ ಓಡುವುದಿಲ್ಲ ಅಂತ ಹೇಳಿತು. ಜನ ಸುಮ್ಮನೆ ಇರಲಿಲ್ಲ, ಚೆನ್ನಾಗಿ ಬೈದರು. ಕೆಲವೇ ದಿನಗಳಲ್ಲಿ ಎಎಂಡಿ ಮಾತು ಬದಲಿಸಿ, ಸರಿ, ಬೀಟಾ ಬಯಾಸ್ ಕೊಡುತ್ತೇವೆ ಅಂತು. 2022ರಲ್ಲಿ ಅದಕ್ಕಿಂತ ಹಳೆಯ, ಅಗ್ಗದ ಎ320 ಬೋರ್ಡ್‌ಗಳಿಗೂ ಬಾಗಿಲು ತೆರೆಯಿತು. ಆ ಏಪ್ರಿಲ್‌ನಲ್ಲೇ 5600, 5500, 5800ಎಕ್ಸ್3ಡಿ ಎಲ್ಲ ಬಂದವು, 2024ರ ಜನವರಿಯಲ್ಲಿ 5700ಎಕ್ಸ್3ಡಿ ಕೂಡ ಬಂತು. ನಾನು 2019ರಲ್ಲಿ ತಂದ ಬೋರ್ಡ್‌ಗೆ ಐದು ವರ್ಷ ಆದ ಮೇಲೂ ಹೊಸ ಪ್ರೊಸೆಸರ್ ಬಿಡುಗಡೆ ಆಗುತ್ತಿತ್ತು ಅಂದರೆ ನೋಡಿ.

ಇಂಟೆಲ್ ಕಡೆಯವರ ಹಣೆಬರಹ ಬೇರೆ. ನನ್ನ ಚಿಕ್ಕಪ್ಪನ ಮಗನ ಹತ್ತಿರ ಏಳನೇ ಜನರೇಷನ್ನಿನ ಐ5 7400 ಪ್ರೊಸೆಸರ್ ಇದೆ, ಎಚ್110 ಬೋರ್ಡ್. ಆರು, ಏಳನೇ ಜನರೇಷನ್ನಿನ ಸಾಕೆಟ್ ಎಲ್‌ಜಿಎ 1151. 2017ರ ಅಕ್ಟೋಬರ್‌ನಲ್ಲಿ ಬಂದ ಎಂಟನೇ ಜನರೇಷನ್ನಿಗೂ ಅದೇ 1151. ಪಿನ್ ಲೆಕ್ಕ ಅದೇ, ಪ್ರೊಸೆಸರ್ ಕೂರುವುದೂ ಅದೇ ಥರ. ಆದರೆ ಹಳೇ ಬೋರ್ಡ್‌ನಲ್ಲಿ ಓಡುವುದಿಲ್ಲ, 300 ಸೀರೀಸ್ ಬೋರ್ಡೇ ಬೇಕು. ಪವರ್ ಪಿನ್ನುಗಳ ಜೋಡಣೆ ಬೇರೆ ಅಂತ ಇಂಟೆಲ್ ಕಾರಣ ಕೊಟ್ಟಿತು. ಆಮೇಲೆ ಕೆಲವು ಹುಚ್ಚರು ಬಯಾಸ್ ತಿದ್ದಿ ಹಳೇ ಬೋರ್ಡ್‌ನಲ್ಲೇ ಓಡಿಸಿ ತೋರಿಸಿದರು, ಅದು ಬೇರೆ ಮಾತು. ಸಾಮಾನ್ಯ ಜನಕ್ಕೆ ಎಚ್110ರಲ್ಲಿ ಕೊನೆಯ ಸ್ಟಾಪ್ ಐ7 7700. ನಾಲ್ಕು ಕೋರ್, ಎಂಟು ಥ್ರೆಡ್. ಎಲ್ಲರಿಗೂ ಅದೇ ಕೊನೆಯ ಸ್ಟಾಪ್ ಆದ್ದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಅದರ ರೇಟೂ ಇಳಿಯುವುದಿಲ್ಲ. ಅವನಿಗೆ ನಾನು ಹೇಳಿದ್ದು, ಈ ಬೋರ್ಡಿಗೆ ಇನ್ನು ಒಂದು ರೂಪಾಯಿನೂ ಹಾಕಬೇಡ ಅಂತ. ಎಸ್‌ಎಸ್‌ಡಿ ತಗೋ, ಒಳ್ಳೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ತಗೋ, ಬೇಕಿದ್ದರೆ ಕಾರ್ಡನ್ನೂ ತಗೋ. ಅವು ಮೂರೂ ನಾಳೆ ಹೊಸ ಪಿಸಿಗೆ ನಿನ್ನ ಜೊತೆ ಬರುತ್ತವೆ, ಐ7 7700 ಬರುವುದಿಲ್ಲ.

ಅಪ್‌ಗ್ರೇಡ್ ಅಂದ ತಕ್ಷಣ ನಾನು ಇಡೀ ಪಟ್ಟಿಯನ್ನು ಹೀಗೆ ಎರಡಾಗಿ ಸೀಳುತ್ತೇನೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಂದಕ್ಕೊಂದು ಕಟ್ಟಿಕೊಂಡವು, ಹೋದರೆ ಸಾಮಾನ್ಯವಾಗಿ ಒಟ್ಟಿಗೇ ಹೋಗುತ್ತವೆ. ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್ ಎಲ್ಲ ಎಲ್ಲಿಗಾದರೂ ಬರುತ್ತವೆ. ಮೊದಲ ಗುಂಪಿಗೆ ಖರ್ಚು ಮಾಡುವಾಗ ಹತ್ತು ಸಲ ಯೋಚಿಸಬೇಕು, ಎರಡನೇ ಗುಂಪಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ರ‍್ಯಾಮ್ ವಿಷಯ. ಹೊಸದು ಕಟ್ಟುವ ಆಸೆ ನನಗೂ ಇತ್ತು, ಅದನ್ನು ಪೂರ್ತಿ ಹೊಡೆದುಹಾಕಿದ್ದು ಈ ರ‍್ಯಾಮ್ ರೇಟು. ಎಎಂ5 ಬೋರ್ಡ್‌ಗೆ ಹೊಸ ನಮೂನೆಯ ಡಿಡಿಆರ್5 ಮಾತ್ರ ಆಗುತ್ತದೆ, ಹಳೇ ಡಿಡಿಆರ್4 ಸ್ಟಿಕ್ ಒಳಗೇ ಹೋಗುವುದಿಲ್ಲ. 2025ರ ಮಧ್ಯದಲ್ಲಿ ನಾಲ್ಕು ಸಾವಿರದ ಆಸುಪಾಸು ಇದ್ದ 16 ಜಿಬಿ ಡಿಡಿಆರ್5 ವರ್ಷದ ಕೊನೆಗೆ ನೋಡಿದರೆ ಎರಡು ಪಟ್ಟು ದಾಟಿ ಮೂರರ ಕಡೆ ಓಡುತ್ತಿತ್ತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಬೇಕು, ಫ್ಯಾಕ್ಟರಿಗಳು ಅವರಿಗೇ ಮಾಡಿಕೊಡುತ್ತಿವೆ, ಮನೆಯಲ್ಲಿ ಆಟ ಆಡುವವರಿಗೆ ಉಳಿದದ್ದು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತ ಹೇಳಿತು. ಡಿಡಿಆರ್4 ಅಗ್ಗ ಇರಬಹುದು ಅಂದುಕೊಂಡರೆ ಅದೂ ಇಲ್ಲ, ಮಾಡುವವರೇ ಕಮ್ಮಿ ಮಾಡುತ್ತಾ ಬಂದಿದ್ದರಿಂದ ಅದೂ ಏರಿದೆ. ಅಂಥ ಹೊತ್ತಿನಲ್ಲಿ ಕೈಯಲ್ಲಿ ಓಡುತ್ತಿರುವ 16 ಜಿಬಿ ಡಿಡಿಆರ್4 ಇದ್ದರೆ ಅದನ್ನು ಬಿಟ್ಟು ಹೊಸದಕ್ಕೆ ಹೋಗುವುದು ನನಗಂತೂ ಸರಿ ಕಾಣಲಿಲ್ಲ.

ಲೆಕ್ಕ ಹಾಕಿದ್ದೂ ಹೇಳಿಬಿಡುತ್ತೇನೆ, ಎಲ್ಲ ಅಂದಾಜು, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಹೊಸದಾದರೆ ರೈಜನ್ 5 7500ಎಫ್ ಅಥವಾ 7600, ಒಂದು ಸಾಧಾರಣ ಬಿ650 ಬೋರ್ಡ್, ಡಿಡಿಆರ್5 16 ಜಿಬಿ, ಒಂದು ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮೇಲೆ ಆರ್‌ಟಿಎಕ್ಸ್ 5060 ಕಾರ್ಡ್. ಎಷ್ಟು ಚೌಕಾಸಿ ಮಾಡಿದರೂ 80,000 ದಾಟುತ್ತಿತ್ತು. ಬೋರ್ಡ್ ಬದಲಾದರೆ ಪಿಸಿ ಜೊತೆ ಬಂದಿದ್ದ ಒಇಎಂ ವಿಂಡೋಸ್ ಲೈಸೆನ್ಸ್ ಕೂಡ ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್‌ಗ್ರೇಡ್ ಆದರೆ 5600ಕ್ಕೆ 9,000ದ ಹತ್ತಿರ, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಕಾರ್ಡ್‌ಗೆ 14,000, 550 ವಾಟ್‌ನ ಬ್ರಾಂಜ್ ಎಸ್‌ಎಂಪಿಎಸ್‌ಗೆ ನಾಲ್ಕೂವರೆ. ಮೂವತ್ತು ಸಾವಿರದ ಒಳಗೆ ಮುಗಿಯಿತು. ಉಳಿದ ಐವತ್ತು ಸಾವಿರಕ್ಕೆ ಸರಿಯಾಗಿ ಎಷ್ಟು ಎಫ್‌ಪಿಎಸ್ ಜಾಸ್ತಿ ಬರುತ್ತಿತ್ತು ಅಂತ ನೋಡಿದರೆ, ನನ್ನ 1080ಪಿ, 75 ಹರ್ಟ್ಜ್ ಮಾನಿಟರ್‌ನಲ್ಲಿ ಅದು ಕಣ್ಣಿಗೆ ಕಾಣುವಂಥದ್ದೇ ಅಲ್ಲ.

ಪ್ರೊಸೆಸರ್ ಬದಲಾಯಿಸುವ ಕೆಲಸ ಮನೆಯಲ್ಲೇ ಮಾಡಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಎಂ4ನಲ್ಲಿ ಜನ ಎಡವುವುದು ಇಲ್ಲೇ.

ಮೊದಲು ಬಯಾಸ್. ಹಳೇ ಪ್ರೊಸೆಸರ್ ಕೂತಿರುವಾಗಲೇ ಅಪ್‌ಡೇಟ್ ಮಾಡಬೇಕು. ಹಳೇ ಬಯಾಸ್‌ನಲ್ಲಿ 5600 ಹಾಕಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪಗೇ ಇರುತ್ತದೆ. ಬೋರ್ಡ್ ಕಂಪನಿಯ ಸೈಟ್‌ಗೆ ಹೋಗಿ, ನಿಮ್ಮ ಬೋರ್ಡ್‌ನ ಪೂರ್ತಿ ಹೆಸರು ಹಾಕಿ, ಅದರ ರಿವಿಷನ್ ನಂಬರ್ ಕೂಡ ನೋಡಿ, ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ 5600 ಎದುರು ಯಾವ ಬಯಾಸ್ ವರ್ಷನ್ ಇದೆ ಅಂತ ನೋಡಿಕೊಳ್ಳಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಸಲಕ್ಕೆ ಹಾರಲು ಬಿಡುವುದಿಲ್ಲ, ನಡುವಿನ ಒಂದು ವರ್ಷನ್ ಹಾಕಿ ಆಮೇಲೆ ಹೊಸದಕ್ಕೆ ಹೋಗಬೇಕು, ಅದನ್ನು ಅಲ್ಲೇ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಬಯಾಸ್ ಒಳಗಿನಿಂದಲೇ ಫ್ಲಾಷ್ ಮಾಡಿ, ಅಂದರೆ ಹೊಸ ವರ್ಷನ್ ಬರೆಯಿರಿ. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಅದರಲ್ಲೂ ಮಳೆಗಾಲದ ಸಂಜೆ ನಾಲ್ಕು ಹನಿ ಬಿದ್ದರೆ ಕರೆಂಟ್ ತೆಗೆಯುವ ಊರುಗಳಲ್ಲಿ. ಫ್ಲಾಷ್ ಅರ್ಧಕ್ಕೆ ನಿಂತರೆ ಬೋರ್ಡ್ ಏಳುವುದೇ ಇಲ್ಲ, ಚಿಪ್ ಪ್ರೋಗ್ರಾಂ ಮಾಡುವವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಆಮೇಲೆ ಕೂಲರ್ ಬಿಚ್ಚುವುದು. ಎಎಂ4ನಲ್ಲಿ ಪಿನ್ ಇರುವುದು ಬೋರ್ಡ್‌ನಲ್ಲಿ ಅಲ್ಲ, ಪ್ರೊಸೆಸರ್‌ನಲ್ಲಿ. 1331 ಪಿನ್ನು, ಕೂದಲಿನಷ್ಟು ಸಣ್ಣವು. ವರ್ಷಗಟ್ಟಲೆ ಬಿಸಿ ತಿಂದ ಪೇಸ್ಟ್ ಕೂಲರ್ ಮತ್ತು ಪ್ರೊಸೆಸರ್ ಎರಡನ್ನೂ ಅಂಟಿನ ಥರ ಹಿಡಿದುಕೊಂಡಿರುತ್ತದೆ. ನೇರ ಮೇಲಕ್ಕೆ ಎಳೆದರೆ, ಸಾಕೆಟ್‌ನ ಲಿವರ್ ಲಾಕ್ ಆಗಿದ್ದರೂ, ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತುಕೊಂಡು ಬರುತ್ತದೆ. ಪಿನ್ ಬಾಗುವುದು ಆವಾಗಲೇ. ಅದಕ್ಕೇ ಬಿಚ್ಚುವ ಮುಂಚೆ ಒಂದು ಹತ್ತು ನಿಮಿಷ ಆಟ ಆಡಿ ಬಿಸಿ ಮಾಡಿಕೊಳ್ಳಿ, ಆಫ್ ಮಾಡಿ ಪ್ಲಗ್ ತೆಗೆಯಿರಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಚಿ. ಒಂದು ಹಂತದಲ್ಲಿ ಹಿಡಿತ ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ. ಇನ್ನೊಂದು, ಸ್ಕ್ರೂ ಪೂರ್ತಿ ಬಂದ ಕೂಡಲೇ ಬೋರ್ಡ್ ಹಿಂದಿನ ಲೋಹದ ಪ್ಲೇಟ್ ಟಪ್ ಅಂತ ಕೆಳಗೆ ಬೀಳುತ್ತದೆ. ಏನೋ ಮುರಿಯಿತು ಅಂತ ಗಾಬರಿ ಆಗಬೇಡಿ, ಆದರೆ ಕ್ಯಾಬಿನೆಟ್ ಮಲಗಿಸಿದ್ದರೆ ಹಿಂದಿನಿಂದ ಒಂದು ಕೈ ಹಿಡಿದುಕೊಂಡಿರಿ.

5600ರ ಜೊತೆ ಡಬ್ಬದಲ್ಲೇ ಕೂಲರ್ ಬರುತ್ತದೆ, 65 ವಾಟ್ ಚಿಪ್ಪು, ಅದೇ ಸಾಕು. ಹೊಸ ಪ್ರೊಸೆಸರ್ ಹಾಕಿ ಆನ್ ಮಾಡಿದಾಗ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಭದ್ರತಾ ಭಾಗ) ರೀಸೆಟ್ ಮಾಡಲಾ, ವೈ ಒತ್ತಿ ಇಲ್ಲಾ ಎನ್ ಒತ್ತಿ ಅಂತ ಕಪ್ಪು ಸ್ಕ್ರೀನ್ ಮೇಲೆ ಕೇಳಬಹುದು. ನಿಮ್ಮ ಡ್ರೈವ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಂಡಿರಿ. ಇಲ್ಲದಿದ್ದರೆ ವೈ ಒತ್ತಿದ ಮೇಲೆ ನಿಮ್ಮ ಫೋಟೋಗಳಿಗೆ ನೀವೇ ಹೊರಗಿನವರು. ಮತ್ತೆ 5600ಕ್ಕೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಏನೂ ಕಾಣುವುದಿಲ್ಲ. ಕಾರ್ಡ್ ಆಮೇಲೆ ನೋಡೋಣ ಅನ್ನುವವರು 5600ಜಿ ತಗೊಳ್ಳಿ. ಆದರೆ ಅದರ ಎಲ್3 ಕ್ಯಾಷ್ 16 ಎಂಬಿ, 5600ರದ್ದು 32, ಆಟದಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ.

ಕಾರ್ಡ್ ಆರಿಸುವುದರಲ್ಲಿ ಹಳೇ ಬೋರ್ಡ್‌ನವರಿಗೆ ಬೇರೆಯದೇ ತಲೆನೋವು. ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಬಿ450ನಲ್ಲಿ ಹಳೇ 3.0 ವರ್ಷನ್‌ದು. ಈಗಿನ ಅಗ್ಗದ ಕಾರ್ಡ್‌ಗಳು 4.0 ಅಥವಾ 5.0 ಅಂದುಕೊಂಡು ಲೇನ್‌ಗಳನ್ನು (ಡೇಟಾ ಹೋಗುವ ದಾರಿ) ಕತ್ತರಿಸಿ ಬರುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಿ, 2022ರ ಜನವರಿಯದ್ದು, 4 ಜಿಬಿ, ಬರೀ ನಾಲ್ಕು ಲೇನ್. ಹೊಸ ಬೋರ್ಡ್‌ನಲ್ಲಿ ಹೇಗೋ ನಡೆಯುತ್ತದೆ, 3.0 ಬೋರ್ಡ್‌ನಲ್ಲಿ ವಿರ‍್ಯಾಮ್ ತುಂಬಿದ ತಕ್ಷಣ ಕುಸಿದು ಬೀಳುತ್ತದೆ. ಯಾರಿಗೆ ಅಗ್ಗದ ಕಾರ್ಡ್ ಬೇಕೋ ಅವರ ಹತ್ತಿರವೇ ಹಳೇ ಬೋರ್ಡ್ ಇರುವುದು, ಅವರಿಗೇ ಅದು ಓಡುವುದಿಲ್ಲ. ಇದನ್ನು ಯಾವ ಪುಣ್ಯಾತ್ಮ ಡಿಸೈನ್ ಮಾಡಿದನೋ! ಇಂಟೆಲ್‌ನ ಆರ್ಕ್ ಬಿ580 ಕೂಡ ಆಸೆ ಹುಟ್ಟಿಸುತ್ತದೆ, 12 ಜಿಬಿ ಇದೆಯಲ್ಲ. ಆದರೆ ಅದಕ್ಕೆ ರೀಸೈಜಬಲ್ ಬಾರ್ ಅನ್ನುವ ಬಯಾಸ್ ಸೆಟ್ಟಿಂಗ್ ಬೇಕೇ ಬೇಕು, ಮತ್ತೆ ಅದರ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹಳೇ ಪ್ರೊಸೆಸರ್‌ಗಳ ಮೇಲೆ ಜಾಸ್ತಿ ಭಾರ ಹಾಕುತ್ತದೆ ಅಂತ 2025ರ ಶುರುವಿನಲ್ಲೇ ಟೆಸ್ಟ್ ಮಾಡಿದವರು ತೋರಿಸಿದ್ದರು. ಅದು ಹೊಸ ಪಿಸಿಯವರಿಗೆ ಸರಿ.

ನಾನು ಆರ್‌ಎಕ್ಸ್ 6600ಕ್ಕೆ ಬಂದು ನಿಂತೆ. 8 ಜಿಬಿ, ಎಂಟು ಲೇನ್, 132 ವಾಟ್, ಒಂದೇ 8 ಪಿನ್ ಕನೆಕ್ಟರ್. 3.0ರಲ್ಲಿ ಅದು ಕಳೆದುಕೊಳ್ಳುವುದು ತೀರಾ ಕಮ್ಮಿ. 1050 ಟಿಐ ಪಕ್ಕ ಇಟ್ಟರೆ ಹೆಚ್ಚುಕಮ್ಮಿ ಮೂರು ಪಟ್ಟು ವೇಗ. ಸೆಕೆಂಡ್ ಹ್ಯಾಂಡ್ ಅಂದರೆ ಕ್ರಿಪ್ಟೋ ಮೈನಿಂಗ್‌ಗೆ ದುಡಿಸಿದ ಕಾರ್ಡ್ ಇರಬಹುದು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಈ ಕಾರ್ಡ್ ಬಂದದ್ದು 2021ರ ಅಕ್ಟೋಬರ್, ಎಥೀರಿಯಂ ಮೈನಿಂಗ್ ನಿಂತದ್ದು 2022ರ ಸೆಪ್ಟೆಂಬರ್. ಅಂದರೆ ಎಷ್ಟೇ ದುಡಿಸಿದ್ದರೂ ಒಂದು ವರ್ಷದೊಳಗೆ. 2017ರ ಆರ್‌ಎಕ್ಸ್ 580 ಹಾಗಲ್ಲ, ಅದು ಐದು ವರ್ಷ ಹಗಲು ರಾತ್ರಿ ಗಾಣ ತಿರುಗಿರಬಹುದು. 580 ತಗೊಳ್ಳಲೇಬೇಕು ಅಂದರೆ ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿ ಷೇಡರ್ (ಕಾರ್ಡ್‌ನ ಲೆಕ್ಕದ ಘಟಕ) ಎಷ್ಟಿವೆ ನೋಡಿ. 2304 ಇದ್ದರೆ ಅಸಲಿ. 2048 ಇದ್ದರೆ ಅದು 580 ಅನ್ನುವ ಹೆಸರು ಹೊತ್ತ 570. ಬ್ರಾಂಡೇ ಗೊತ್ತಿಲ್ಲದ ಹೊಸ 580 ಅಂತ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವುದರಲ್ಲಿ ಇಂಥವು ಬೇಕಾದಷ್ಟಿವೆ. ಯಾವುದೇ ಕಾರ್ಡ್ ಇರಲಿ, ಮಾರುವವರ ಮನೆಯಲ್ಲೇ ಅರ್ಧ ಗಂಟೆ ಕೂತು ಭಾರಿ ಆಟವೊಂದನ್ನು ಓಡಿಸಿ, ಫ್ಯಾನ್ ಸದ್ದು ಕೇಳಿ, ಬಿಲ್ ಕೇಳಿ. ಚಹಾ ಕೊಟ್ಟರೆ ಕುಡಿಯಿರಿ, ಕಣ್ಣು ಮಾತ್ರ ಟೆಂಪರೇಚರ್ ಮೇಲೆ ಇರಲಿ.

ಆರ್‌ಎಕ್ಸ್ 6000ಕ್ಕೂ ಒಂದು ಚಿಂತೆ ಇದೆ, ಮುಚ್ಚಿಡುವುದಿಲ್ಲ. 2025ರ ಕೊನೆಯಲ್ಲಿ ಎಎಂಡಿ 5000 ಮತ್ತು 6000 ಸೀರೀಸ್ ಕಾರ್ಡ್‌ಗಳನ್ನು ಡ್ರೈವರ್‌ನ ಬೇರೆ ಸಾಲಿಗೆ ತಳ್ಳಿತು. ಮತ್ತೆ ಜನ ಬೈದರು, ಮತ್ತೆ ಎಎಂಡಿ ಇಲ್ಲ ಇಲ್ಲ, ಹೊಸ ಆಟಗಳಿಗೆ ಸಪೋರ್ಟ್ ಇರುತ್ತದೆ ಅಂತು. ಬೈದರೆ ಕೇಳುವ ಕಂಪನಿ ಅಂತ ಸಮಾಧಾನ ಪಟ್ಟುಕೊಳ್ಳಬೇಕು. 1050 ಟಿಐಗೆ ಆ ಭಾಗ್ಯವೂ ಇಲ್ಲ. 10 ಸೀರೀಸ್‌ಗೆ ಹೊಸ ಆಟಗಳಿಗಾಗಿ ಬರುವ ಗೇಮ್ ರೆಡಿ ಡ್ರೈವರ್ 2025ರ ಅಕ್ಟೋಬರ್‌ಗೆ ಕೊನೆ ಅಂತ ಎನ್‌ವಿಡಿಯಾ ಮೊದಲೇ ಹೇಳಿತ್ತು, ಇನ್ನು 2028ರ ತನಕ ಬರೀ ಸೆಕ್ಯುರಿಟಿ ಅಪ್‌ಡೇಟ್. ಅದಲ್ಲದೆ 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ, ಆಮೇಲೆ 2025ರ ಡೂಮ್, ಇವಕ್ಕೆ ಕಾರ್ಡ್‌ನಲ್ಲೇ ರೇ ಟ್ರೇಸಿಂಗ್ (ಬೆಳಕು ನೆರಳಿನ ಲೆಕ್ಕ) ಇರಲೇಬೇಕು. ಜಿಟಿಎಕ್ಸ್ ಅನ್ನುವ ಹೆಸರಿನ ಯಾವ ಕಾರ್ಡಿಗೂ ಆ ಆಟಗಳ ಬಾಗಿಲು ತೆರೆಯುವುದಿಲ್ಲ. 6600ರಲ್ಲಿ ರೇ ಟ್ರೇಸಿಂಗ್ ಚೆಂದ ಓಡುತ್ತದೆ ಅಂತ ನಾನು ಹೇಳುತ್ತಿಲ್ಲ, ಆಟ ಶುರುವಂತೂ ಆಗುತ್ತದೆ.

ವಿಂಡೋಸ್ ಮಾತು ಬಂದರೆ, ಅಪ್‌ಗ್ರೇಡ್‌ಗೆ ನನ್ನನ್ನು ತಳ್ಳಿದ್ದು ಅರ್ಧ ಅದೇ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಆಗುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ರೈಜನ್ 2000 ಸೀರೀಸ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ನೋಡಿದರೆ 2600 ಇದೆ, 2200ಜಿ ಇಲ್ಲ. ಹೆಸರಲ್ಲಿ 2000 ಇದ್ದರೂ ಒಳಗಿರುವುದು ಮೊದಲ ಝೆನ್ ಕೋರ್. ಐ5 7400 ಕೂಡ ಪಟ್ಟಿಯಿಂದ ಹೊರಗೆ, ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿಂದ ಮೇಲೆ. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ವ್ಯಾಲೊರಂಟ್ ಆಟ ಆಡುವವರಿಗೆ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಸೆಟ್ಟಿಂಗ್ ಎರಡೂ ಬೇಕು. 5600 ಹಾಕಿ ಬಯಾಸ್‌ನಲ್ಲಿ ಎರಡನ್ನೂ ಆನ್ ಮಾಡಿದ ಮೇಲೆ ಈ ಜಂಜಾಟ ಮುಗಿಯಿತು.

ಎಸ್‌ಎಂಪಿಎಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬದಲಾಯಿಸಿ ಅಷ್ಟೇ. ಕ್ಯಾಬಿನೆಟ್ ಜೊತೆ ಬಂದ 450 ವಾಟ್ ಅಂತ ಸ್ಟಿಕ್ಕರ್ ಅಂಟಿಸಿದ ಲೋಕಲ್ ಡಬ್ಬ ಇದ್ದರೆ ಅದರ ಮೇಲೆ 6600 ಹಾಕಬೇಡಿ. 1050 ಟಿಐ 75 ವಾಟ್, ಸ್ಲಾಟಿನಿಂದಲೇ ಎಳೆದುಕೊಂಡು ಬದುಕುತ್ತಿತ್ತು, ಇದು ಹಾಗಲ್ಲ. ಎರಡು ಮೋಲೆಕ್ಸ್ ಸೇರಿಸಿ 8 ಪಿನ್ ಮಾಡುವ ಕನ್ವರ್ಟರ್ ಐವತ್ತು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ಮುಟ್ಟಲೂ ಹೋಗಬೇಡಿ.

ಈಗ ಸಿಎಸ್ 2ರಲ್ಲಿ ಸ್ಮೋಕ್ ಬಿದ್ದರೂ ಮೌಸ್ ಕೈ ಬಿಟ್ಟು ಹೋಗುವುದಿಲ್ಲ. ನನಗೆ ಖುಷಿ ಕೊಟ್ಟದ್ದು ಆ್ಯವರೇಜ್ ಎಫ್‌ಪಿಎಸ್ ಅಲ್ಲ, 1 ಪರ್ಸೆಂಟ್ ಲೋ ಅಂತಾರಲ್ಲ, ತೀರಾ ನಿಧಾನದ ಕ್ಷಣಗಳ ಎಫ್‌ಪಿಎಸ್, ಆ ಅಂಕಿ ಮೇಲೆ ಬಂದದ್ದು. ಸೈಬರ್‌ಪಂಕ್ 1080ಪಿ ಮೀಡಿಯಂನಲ್ಲಿ ಆರಾಮಾಗಿ ಓಡುತ್ತದೆ. ಆಡುವ ಕೈ ಮಾತ್ರ ಹಳೆಯದೇ, ಅದಕ್ಕೆ ಬಯಾಸ್ ಅಪ್‌ಡೇಟ್ ಬಂದಿಲ್ಲ.

ಹಾಗಂತ ಎಲ್ಲರಿಗೂ ಅಪ್‌ಗ್ರೇಡೇ ಸರಿ ಅಂತಲ್ಲ. 1440ಪಿ ಮಾನಿಟರ್ ತಗೊಂಡವರು, ವಿಡಿಯೋ ಎಡಿಟಿಂಗ್‌ನಿಂದ ದುಡಿಯುವವರು, ಎಚ್110 ಥರದ ಕೊನೇ ಸ್ಟಾಪ್ ಬೋರ್ಡ್‌ನವರು ಹೊಸದಕ್ಕೇ ದುಡ್ಡು ಕೂಡಿಸಲಿ, ರ‍್ಯಾಮ್ ರೇಟು ಇಳಿಯುವ ತನಕ ಕಾಯಲು ಆದರೆ ಕಾಯಲಿ. ಜಿಟಿಎ 6 ಬರುತ್ತೆ ಅಂತ ಈಗಲೇ ಪಿಸಿ ಕಟ್ಟಿಸುವವರಿಗೆ ಮಾತ್ರ ನನ್ನ ಹತ್ತಿರ ಸಲಹೆ ಇಲ್ಲ. ಅದನ್ನು ಘೋಷಿಸಿರುವುದು ಪಿಎಸ್5, ಎಕ್ಸ್‌ಬಾಕ್ಸ್‌ಗೆ.

ಬಿ450 ಬೋರ್ಡ್ ಸತ್ತೇ ಹೋದರೆ ಏನು ಮಾಡ್ತೀಯ ಅಂತ ಚಿಕ್ಕಪ್ಪನ ಮಗ ಕೇಳಿದ. ಬಿ450, ಬಿ550 ಬೋರ್ಡ್‌ಗಳು ಈಗಲೂ ಹೊಸದೇ ಸಿಗುತ್ತವೆ, ಒಂದು ತಂದು ಇದೇ 5600, ಇದೇ ರ‍್ಯಾಮ್ ಅದರಲ್ಲಿ ಕೂರಿಸುತ್ತೇನೆ. ಅವನ ಎಚ್110 ಸತ್ತರೆ ಹಳೇ ಬೋರ್ಡನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬೇಕು. ಸದ್ಯಕ್ಕೆ ಅವನು ನನ್ನ 1050 ಟಿಐ ಮೇಲೆ ಕಣ್ಣಿಟ್ಟಿದ್ದಾನೆ, ನೆಂಟರ ರೇಟು ಬೇಕಂತೆ.